ಬೂಸ್ಟು ಹಿಡಿದ ದ್ರಾಕ್ಷಿಯಿಂದ ದುಬಾರಿ ವೈನ್: ಹಂಗೇರಿಯ ಟೊಕಾಯ್ ಬೆಳೆಗಾರರಿಂದ ಏನು ಕಲಿಯಬಹುದು?

ಪಾಲಿಹೌಸ್‌ನಲ್ಲಿ ಗುಲಾಬಿ ಅಥವಾ ಸ್ಟ್ರಾಬೆರಿ ಬೆಳೆಯುವವರಿಗೆ ಬೊಟ್ರೈಟಿಸ್ ಹೆಸರು ಹೊಸದಲ್ಲ. ಬೂದು ಬಣ್ಣದ ಬೂಸ್ಟು ಕಂಡ ತಕ್ಷಣ ಕಿತ್ತು ಆಚೆ ಹಾಕ್ತೀವಿ. ತೋಟಗಾರಿಕೆ ಪದವಿ ಓದುವಾಗ ನಾನೂ ಇದನ್ನು ರೋಗಗಳ ಪಟ್ಟಿಯಲ್ಲೇ ಓದಿದ್ದು. ಆದರೆ ಹಂಗೇರಿಯ ಟೊಕಾಯ್ ಪ್ರದೇಶದ ದ್ರಾಕ್ಷಿ ಬೆಳೆಗಾರರು ಇದೇ ಶಿಲೀಂಧ್ರ ಬರಲಿ ಅಂತ ಕಾಯ್ತಾರೆ. ಅವರ ‘ಅಸೂ’ ಅನ್ನೋ ಸಿಹಿ ವೈನ್ ಹುಟ್ಟೋದೇ ಇದರಿಂದ.

ಬೆಳಿಗ್ಗೆ ಮಂಜು, ಮಧ್ಯಾಹ್ನ ಬಿಸಿಲು

ಟೊಕಾಯ್ ಇರುವುದು ಬೊದ್ರೊಗ್ ಮತ್ತು ತಿಸಾ ನದಿಗಳು ಸೇರುವ ಜಾಗದಲ್ಲಿ. ಕೊಯ್ಲಿನ ಕಾಲದಲ್ಲಿ ಬೆಳಿಗ್ಗೆ ನದಿ ಕಡೆಯಿಂದ ಮಂಜು ಏಳುತ್ತೆ. ಆಗ ಶಿಲೀಂಧ್ರ ಬೆಳೆದು, ಮಾಗಿದ ಹಣ್ಣಿನ ಸಿಪ್ಪೆಯಲ್ಲಿ ಸಣ್ಣ ಸಣ್ಣ ತೂತು ಮಾಡುತ್ತೆ. ಮಧ್ಯಾಹ್ನದ ಬಿಸಿಲಿಗೆ ಒಳಗಿನ ನೀರು ಆರಿ ಹಣ್ಣು ಸುಕ್ಕಾಗುತ್ತೆ. ಸಕ್ಕರೆ, ಹುಳಿ ಎರಡೂ ಗಟ್ಟಿಯಾಗುತ್ತವೆ. ಮಳೆ ಹಿಡಿದರೆ ಮಾತ್ರ ಅದೇ ಶಿಲೀಂಧ್ರ ಇಡೀ ಗೊಂಚಲನ್ನು ಕೊಳೆಸಿಬಿಡುತ್ತೆ.

ಒಂದೊಂದೇ ಹಣ್ಣು ಆಯುವ ಕೆಲಸ

ಸುಕ್ಕಾದ ಹಣ್ಣನ್ನು ಕೈಯಿಂದ ಒಂದೊಂದಾಗಿ ಬಿಡಿಸ್ತಾರೆ. ಎಲ್ಲವೂ ಒಟ್ಟಿಗೆ ಸುಕ್ಕಾಗದ ಕಾರಣ ಅದೇ ಸಾಲಿಗೆ ಹಲವು ಸಲ ಹೋಗಬೇಕು. ಹಳೇ ಲೆಕ್ಕದಲ್ಲಿ ಸುಮಾರು 25 ಕಿಲೋ ಹಿಡಿಯುವ ಬುಟ್ಟಿಗೆ ‘ಪುಟ್ಟೋನ್’ ಅಂತ ಹೆಸರು. 136 ಲೀಟರ್ ಪೀಪಾಯಿಗೆ ಎಷ್ಟು ಬುಟ್ಟಿ ಹಾಕಿದರು ಅನ್ನೋದರ ಮೇಲೆ ವೈನ್‌ನ ದರ್ಜೆ. ಈಗಿನ ನಿಯಮದಂತೆ ಅಸೂ ವೈನ್‌ನಲ್ಲಿ ಲೀಟರಿಗೆ ಕನಿಷ್ಠ 120 ಗ್ರಾಂ ಸಕ್ಕರೆ ಉಳಿದಿರಬೇಕು, ಕನಿಷ್ಠ 18 ತಿಂಗಳು ಓಕ್ ಮರದ ಪೀಪಾಯಿಯಲ್ಲಿ ಮಾಗಬೇಕು.

ಕುಟುಂಬಗಳು ಉಳಿಸಿದ ಪದ್ಧತಿ

ಕಮ್ಯುನಿಸ್ಟ್ ಆಡಳಿತದಲ್ಲಿ ಅಲ್ಲಿನ ವೈನ್ ವ್ಯವಹಾರ ಸರ್ಕಾರದ ಕೈಯಲ್ಲಿತ್ತು. ಗುಣಕ್ಕಿಂತ ಪ್ರಮಾಣವೇ ಮುಖ್ಯ ಆಗಿತ್ತು. 1990ರ ನಂತರ ಮಾದ್ ಊರಿನ ಇಶ್ತ್ವಾನ್ ಸೆಪ್ಶಿಯಂಥವರು ಇಳುವರಿ ಇಳಿಸಿ, ಹಣ್ಣಿನ ಗುಣ ಹೆಚ್ಚಿಸಿ ಟೊಕಾಯ್ ಹೆಸರನ್ನು ಮತ್ತೆ ಮೇಲೆ ತಂದರು. ಸೆಪ್ಶಿ ಮನೆತನ ತಲೆಮಾರುಗಳಿಂದ ವೈನ್ ಮಾಡಿಕೊಂಡು ಬಂದಿದೆ.

ನಮಗೇನು ಉಪಯೋಗ?

ಮೊದಲನೆಯದು, ಇದನ್ನು ನಕಲು ಮಾಡೋಕೆ ಹೋಗಬೇಡಿ. ಆ ಮಂಜು, ಆ ಬಿಸಿಲಿನ ಹೊಂದಾಣಿಕೆ ಇಲ್ಲದ ಕಡೆ ಕೊಳೆ ಅಂದರೆ ಕೊಳೆಯೇ. ಬೂಸ್ಟು ಹಿಡಿದ ಹಣ್ಣು ತೆಗೆಯಿರಿ, ಗೊಂಚಲಿನ ಸುತ್ತ ಎಲೆ ಬಿಡಿಸಿ ಗಾಳಿ ಆಡುವ ಹಾಗೆ ಮಾಡಿ.

ಎರಡನೆಯದು, ವಿಂಗಡಣೆ. ಅಲ್ಲಿ ಒಂದೇ ತೋಟದಿಂದ ಆರಿಸಿದ ಹಣ್ಣಿನ ಅಸೂ, ಗೊಂಚಲು ಗೊಂಚಲಾಗಿ ಕೊಯ್ದಿದ್ದರಿಂದ ‘ಸಮೊರೊದ್ನಿ’, ಚೆನ್ನಾಗಿರುವ ಹಣ್ಣಿನಿಂದ ಸಿಹಿಯಿಲ್ಲದ ವೈನ್ ಹೀಗೆ ಮೂರು ಸರಕು ಸಿಗುತ್ತೆ. ನಮ್ಮ ವಿಜಯಪುರದ ಒಣದ್ರಾಕ್ಷಿಯಾಗಲಿ, ಬೇರೆ ಯಾವ ಹಣ್ಣಾಗಲಿ, ದರ್ಜೆ ಬೇರೆ ಮಾಡಿದರೇ ಒಳ್ಳೆ ಮಾಲಿಗೆ ಒಳ್ಳೆ ಬೆಲೆ ಕೇಳೋಕಾಗೋದು.

ಮೂರನೆಯದು, ಖರ್ಚು. ಮೌಲ್ಯವರ್ಧನೆ ಶುರು ಮಾಡೋ ಮುಂಚೆ ಒಂದು ಹಾಳೆ ತಗೊಂಡು, ಆಯುವ ಕೂಲಿ ಎಷ್ಟು, ಮಾಲು ಮಾರಾಟ ಆಗೋವರೆಗೆ ಎಷ್ಟು ತಿಂಗಳು ದುಡ್ಡು ಕಟ್ಟಿಬೀಳುತ್ತೆ ಅಂತ ಬರೆದುಕೊಳ್ಳಿ. ಮಾರೋ ಬೆಲೆಯ ಲೆಕ್ಕ ಅದಾದ ಮೇಲೆ.