ಕಚೇರಿ ಬಂದು ಊರಾದ ಕಲ್ಲೂರುಕಟ್ಟೆ

ಸಾಗರದ ಹೆಸರಿನಲ್ಲಿ ಕೆಳದಿ ಅರಸರ ಕಾಲದ ಕೆರೆಯೊಂದಿದೆ. ತೀರ್ಥಹಳ್ಳಿಯ ಹೆಸರಿನಲ್ಲಿ ತುಂಗೆಯ ತೀರ್ಥವಿದೆ. ಹೊಸನಗರದ ಹೆಸರಿನಲ್ಲಿರುವುದು ಒಂದು ಸರ್ಕಾರಿ ವರ್ಗಾವಣೆ. ನಗರ ತಾಲ್ಲೂಕಿನ ಕಚೇರಿಯನ್ನು ಮೈಸೂರು ಸರ್ಕಾರ ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಕಲ್ಲೂರುಕಟ್ಟೆಗೆ ಸಾಗಿಸಿತು. ಅಮಲ್ದಾರರು ಬಂದು ಕುಳಿತ ಮೇಲೆ ಕಲ್ಲೂರುಕಟ್ಟೆ ಹೊಸನಗರವಾಯಿತು. ಸರ್ಕಾರಿ ಕಚೇರಿಯ ಚರಿತ್ರೆ ಎಂದರೆ ನಾವು ಅಡಿಗಲ್ಲಿನ ತಾರೀಖು, ಕಂಬ, ಹೆಂಚು ಹುಡುಕುತ್ತೇವೆ. ಮಲೆನಾಡಿನ ಮಟ್ಟಿಗಂತೂ ಅದು ಅರ್ಧ ಚರಿತ್ರೆ. ಕಚೇರಿ ಎಲ್ಲಿ ಕೂತಿತು, ಅದರ ದಫ್ತರದಲ್ಲಿ ಏನಿತ್ತು ಎನ್ನುವುದೇ ಉಳಿದರ್ಧ, ಮತ್ತು ನನ್ನ ಪ್ರಕಾರ ಹೆಚ್ಚು ತೂಕದ ಅರ್ಧ.

ಕಚೇರಿ ಕಳೆದುಕೊಂಡ ನಗರ ಸಾಮಾನ್ಯ ಊರಲ್ಲ. ಅದು ಹಳೆಯ ಬಿದನೂರು. ಕೆಳದಿ, ಇಕ್ಕೇರಿಗಳ ನಂತರ ನಾಯಕರ ರಾಜಧಾನಿ. ಮಲೆನಾಡಿನ ಕಂದಾಯಕ್ಕೆ ಬಹುಕಾಲ ಆಧಾರವಾಗಿದ್ದ ಶಿವಪ್ಪ ನಾಯಕನ ಶಿಸ್ತು ರೂಪುಗೊಂಡದ್ದು ಅವನು ಇಲ್ಲಿಂದ ಆಳಿದ ಕಾಲದಲ್ಲಿ. 1763ರಲ್ಲಿ ಹೈದರಾಲಿ ಊರನ್ನು ಗೆದ್ದು ಹೈದರನಗರವೆಂದು ಕರೆದ, ಟಂಕಸಾಲೆ ಇಟ್ಟ. 1830ರಲ್ಲಿ ಕಂದಾಯದ ಕಿರುಕುಳಕ್ಕೆ ನಗರ ಸೀಮೆಯ ರೈತರು ದಂಗೆಯೆದ್ದರು. ಮರುವರ್ಷವೇ ಇಡೀ ಮೈಸೂರಿನ ಆಡಳಿತ ಬ್ರಿಟಿಷರ ಕೈಸೇರಿತು. ಆಮೇಲೆ 'ನಗರ ವಿಭಾಗ' ಎಂಬ ಹೆಸರೇನೋ ಉಳಿಯಿತು, ಅದರ ಮೇಲಧಿಕಾರಿ ಕೂತದ್ದು ಮಾತ್ರ ಶಿವಮೊಗ್ಗದಲ್ಲಿ. ಕೊನೆಗೆ ಅಮಲ್ದಾರರೂ ಹೊರಟರು. ಕೋಟೆ ಇದ್ದಲ್ಲೇ ಇದೆ, ದೇವಗಂಗೆಯ ಕೊಳಗಳೂ ಇವೆ. ಕಚೇರಿ ಹೋದದ್ದರಿಂದಲೇ ನಗರ ಸೊರಗಿತು ಎಂದರೆ ಅರ್ಧಸತ್ಯವಾದೀತು. ಸೊರಗಿದ ಊರನ್ನೇ ಕಚೇರಿ ಬಿಟ್ಟುಹೋಯಿತು ಎಂಬ ವಾದಕ್ಕೂ ಬಲವಿದೆ. ನಕ್ಷೆ ನೋಡಿದರೆ ನಗರ ಘಟ್ಟದ ಅಂಚಿನ ಮೂಲೆಯಲ್ಲಿದೆ, ಕಲ್ಲೂರುಕಟ್ಟೆ ತಾಲ್ಲೂಕಿನ ನಡುವಿಗೆ ಹತ್ತಿರ. ಆದರೆ ಸೊರಗಿದ ಊರು ಮತ್ತೆ ಚಿಗುರುವ ದಾರಿಯನ್ನು ಆ ವರ್ಗಾವಣೆ ಮುಚ್ಚಿತು. ಅಮಲ್ದಾರರೊಂದಿಗೆ ಹೋಗುವುದು ಮೇಜು ಕುರ್ಚಿಗಳಷ್ಟೇ ಅಲ್ಲವಲ್ಲ. ಖಜಾನೆ ಹೋಗುತ್ತದೆ, ಹಿಂದೆಯೇ ವಕೀಲರು, ಅರ್ಜಿ ಬರೆಯುವವರು, ಛಾಪಾ ಕಾಗದ ಮಾರುವವರು, ದೂರದ ಹಳ್ಳಿಯಿಂದ ಬಂದವರಿಗೆ ಊಟ ಹಾಕುವ ಹೋಟೆಲಿನವರು ಹೋಗುತ್ತಾರೆ.

ಊರನ್ನು ಕಟ್ಟುವುದು ವ್ಯಾಪಾರ, ಕಚೇರಿಯಲ್ಲ ಎಂದು ವಾದಿಸುವವರಿಗೆ ಸಾಗರ, ತೀರ್ಥಹಳ್ಳಿಗಳ ಸಾಕ್ಷ್ಯ ಸಿಗುತ್ತದೆ. ಸಾಗರಕ್ಕೆ ಅಡಿಕೆ ಮಂಡಿಯಿತ್ತು, ಗುಡಿಗಾರರ ಗಂಧದ ಕೆತ್ತನೆಯಿತ್ತು, ತಾಳಗುಪ್ಪದ ರೈಲಿತ್ತು. ತೀರ್ಥಹಳ್ಳಿಗೆ ರಾಮೇಶ್ವರನ ಎಳ್ಳಮಾವಾಸ್ಯೆ ಜಾತ್ರೆಯೂ ಅಡಿಕೆಯೂ ಇದ್ದವು. ಒಪ್ಪೋಣ, ಅಲ್ಲಿ ಕಚೇರಿ ಬಂದದ್ದು ಮೊದಲೇ ಇದ್ದ ಊರಿಗೆ. ಆದರೂ ಆ ಊರುಗಳಲ್ಲೂ ಕಚೇರಿಯ ತೂಕ ತಿಳಿದ ಕಾಲವೊಂದಿದೆ. ಸಾಗರದ ಹತ್ತಿರದ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ಸಮಾಜವಾದಿ ನಾಯಕ ಲೋಹಿಯಾ ಬಂದು ಬಂಧನಕ್ಕೊಳಗಾದರು. ಹೊಲದಲ್ಲಿ ಎದ್ದ ಜಗಳ ಕಾಗದದ ಮೇಲೆ ತೀರ್ಮಾನವಾದದ್ದು ಎರಡು ದಶಕ ದಾಟಿದ ಮೇಲೆ. 1974ರ ಮಾರ್ಚ್ 1ಕ್ಕೆ ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರಿ, ಗೇಣಿದಾರ ನಮೂನೆ 7ರಲ್ಲಿ ಅರ್ಜಿ ಹಾಕಿ ಭೂ ನ್ಯಾಯಮಂಡಳಿಯ ಮುಂದೆ ನಿಂತ. ಪಹಣಿಯ 9ನೇ ಕಾಲಂ ಒಡೆಯನದು, 12ನೆಯದು ಸಾಗುವಳಿ ಮಾಡಿದವನದು. ಆ 12ನೇ ಕಾಲಂನಲ್ಲಿ ಅಪ್ಪನ ಹೆಸರಿದೆಯೋ ಇಲ್ಲವೋ ಎಂಬುದರ ಮೇಲೆ ಒಂದು ಮನೆತನದ ಬಾಳು ನಿಂತಿತ್ತು. ಹೆಸರಿಲ್ಲದವನು ನೆರೆಹೊರೆಯವರ ಸಾಕ್ಷಿಯನ್ನೇ ನಂಬಬೇಕಾಯಿತು.

ಈಗ ಎಲ್ಲ ಕಂಪ್ಯೂಟರಿನಲ್ಲಿದೆ, ಹಳೆಯ ಕಟ್ಟಡವೇಕೆ ಎಂಬುದು ಮತ್ತೊಂದು ಆಕ್ಷೇಪ. 'ಭೂಮಿ' ಯೋಜನೆ ರಾಜ್ಯದ ಪಹಣಿಗಳನ್ನು ಗಣಕಕ್ಕೆ ಏರಿಸಿದ್ದು ದೊಡ್ಡ ಕೆಲಸವೇ. ಆದರೆ ಗಣಕ ಹೇಳುವುದು ಇವತ್ತಿನ ಸ್ಥಿತಿ. ವ್ಯಾಜ್ಯ ಹುಟ್ಟಿದಾಗ ಕೇಳುವುದು ಹಿಂದಿನ ಕೈಬರಹದ ಪಹಣಿ, ಮಂಡಳಿಯ ಆದೇಶ, ಮೂಲ ಕಡತ. ಸೊಪ್ಪಿನ ಬೆಟ್ಟ, ಕಾನು, ಬಗರ್‌ಹುಕುಂ ಎಂದು ಜಮೀನಿಗೆ ಹತ್ತು ಬಗೆಯ ಹಕ್ಕಿರುವ ಈ ಸೀಮೆಯಲ್ಲಿ, ಲಿಂಗನಮಕ್ಕಿ ಅಣೆಕಟ್ಟಿನ ನೀರಿಗೆ ಮನೆ ಬಿಟ್ಟು ಬಂದವರು ಇಂದಿಗೂ ಹಕ್ಕುಪತ್ರ ಕೇಳುತ್ತಿರುವಾಗ, ಆ ಕಾಗದಗಳ ಬೆಲೆ ಇಳಿದಿಲ್ಲ. ತಾಲ್ಲೂಕು ಕಚೇರಿ ಮಿನಿ ವಿಧಾನಸೌಧವಾಯಿತು, ಈಗ ಪ್ರಜಾಸೌಧವೆನ್ನುತ್ತಾರೆ. ಹೆಸರು ಬದಲಾಗಲಿ, ಹೊಸ ಗೋಡೆಯೂ ಏಳಲಿ. ನಮ್ಮ ಮಳೆಗೆ ಸೋರದ, ಗೆದ್ದಲು ಹಿಡಿಯದ ದಫ್ತರದ ಕೋಣೆಯನ್ನು ಮೊದಲು ಕಟ್ಟಿ, ಸಭಾಂಗಣ ಆಮೇಲಿರಲಿ.

ನಗರ ಈಗ ಹೊಸನಗರ ತಾಲ್ಲೂಕಿನ ಒಂದು ಹೋಬಳಿ. ತಹಸೀಲ್ದಾರರನ್ನು ಕಾಣಬೇಕೆಂದರೆ ಹಳೆಯ ರಾಜಧಾನಿಯವರು ಹಳೆಯ ಕಲ್ಲೂರುಕಟ್ಟೆಗೇ ಬಸ್ಸು ಹತ್ತಬೇಕು.