ಜೂಲಿಯೆಟ್‌ನಿಂದ ಮಿಸೆಸ್ ಮೂರ್‌ವರೆಗೆ

ಡೇವಿಡ್ ಲೀನ್ ನಿರ್ದೇಶಿಸಿದ ‘ಎ ಪ್ಯಾಸೇಜ್ ಟು ಇಂಡಿಯಾ’ (1984) ಚಿತ್ರ ನೋಡುವಾಗ ನಾವು ಕನ್ನಡಿಗರು ಮೊದಲು ಗುರುತು ಹಿಡಿಯುವುದು ನಮ್ಮೂರ ಬಂಡೆಗಳನ್ನು. ಕಥೆಯ ಮರಬಾರ್ ಬೆಟ್ಟಗಳಾಗಿ ಅಲ್ಲಿ ಕಾಣಿಸುವುದು ಸಾವನದುರ್ಗ, ರಾಮದೇವರ ಬೆಟ್ಟಗಳ ಸೀಮೆ. ಆನೆಯೇರಿ ಅಲ್ಲಿಗೆ ಬರುವ ವೃದ್ಧೆ ಮಿಸೆಸ್ ಮೂರ್ ಪಾತ್ರ ವಹಿಸಿದವರು ಡೇಮ್ ಪೆಗ್ಗಿ ಆಶ್‌ಕ್ರಾಫ್ಟ್. ಅದಕ್ಕಾಗಿ 1985ರಲ್ಲಿ, ತಮ್ಮ 77ನೆಯ ವಯಸ್ಸಿನಲ್ಲಿ, ಅವರು ಶ್ರೇಷ್ಠ ಪೋಷಕ ನಟಿಯೆಂದು ಆಸ್ಕರ್ ಪಡೆದರು.

ತೆರೆಯ ಮೇಲಿನ ಈ ಕೀರ್ತಿಯ ಹಿಂದೆ ಅರ್ಧ ಶತಮಾನಕ್ಕೂ ಮೀರಿದ ರಂಗಸೇವೆಯಿತ್ತು. 1907ರಲ್ಲಿ ಕ್ರಾಯ್ಡನ್ನಿನಲ್ಲಿ ಹುಟ್ಟಿದ ಪೆಗ್ಗಿ, 1930ರಲ್ಲಿ ಲಂಡನ್ನಿನ ಸವಾಯ್ ರಂಗಮಂದಿರದಲ್ಲಿ ಡೆಸ್ಡಿಮೋನಾ ಆದರು. ಒಥೆಲೋ ಆಗಿದ್ದವರು ಅಮೆರಿಕದ ಕರಿಯ ನಟ ಪಾಲ್ ರೋಬ್ಸನ್. ಬಿಳಿಯ ತರುಣಿ ಕರಿಯನ ಹೆಂಡತಿಯಾಗಿ ನಟಿಸಿದ್ದನ್ನು ಸಹಿಸದವರು ನಿಂದೆಯ ಪತ್ರಗಳನ್ನು ಬರೆದರು. ಪೆಗ್ಗಿ ಹೆದರಿ ಹಿಂಜರಿಯಲಿಲ್ಲ.

1935ರಲ್ಲಿ ಅವರು ಜೂಲಿಯೆಟ್ ಆದಾಗ ಜಾನ್ ಗೀಲ್ಗಡ್, ಲಾರೆನ್ಸ್ ಒಲಿವಿಯೆ ಇಬ್ಬರೂ ಸರದಿಯ ಮೇಲೆ ರೋಮಿಯೋ ಆದರು. 1956ರಲ್ಲಿ ಡೇಮ್ ಪದವಿ ಬಂತು. 1962ರಲ್ಲಿ ಹುಟ್ಟೂರಿನ ಹೊಸ ರಂಗಮಂದಿರಕ್ಕೆ ಅವರ ಹೆಸರಿಟ್ಟರು. ಮರುವರ್ಷ ರಾಯಲ್ ಷೇಕ್ಸ್‌ಪಿಯರ್ ಕಂಪನಿಯ ‘ದಿ ವಾರ್ಸ್ ಆಫ್ ದಿ ರೋಸಸ್’ ನಾಟಕಮಾಲೆಯಲ್ಲಿ, 55ರ ಪ್ರಾಯದ ಪೆಗ್ಗಿ ರಾಣಿ ಮಾರ್ಗರೆಟ್ ಆಗಿ ನವವಧುವಿನಿಂದ ಹಿಡಿದು ಶಾಪ ಹಾಕುವ ಮುದುಕಿಯವರೆಗೆ ಒಂದು ಇಡೀ ಬಾಳನ್ನು ಅಭಿನಯಿಸಿದರು.

ನಾಟಕದ ಪರದೆ ಬಿದ್ದರೆ ಮುಗಿಯಿತು. ಉಳಿಯುವುದು ನೋಡಿದವರ ನೆನಪು ಮಾತ್ರ. 1991ರಲ್ಲಿ ತೀರಿಕೊಂಡ ಪೆಗ್ಗಿಯವರ ಜೂಲಿಯೆಟ್ಟನ್ನು ನಾವು ನೋಡಲಾರೆವು. ಮಿಸೆಸ್ ಮೂರ್ ಮಾತ್ರ ಇಂದಿಗೂ ನಮಗೆ ದಕ್ಕಿದ್ದಾರೆ.

ಆ ತಾಯಿ ಮಗನನ್ನು ನೋಡಲು ಹಡಗೇರಿ ಪರದೇಶಕ್ಕೆ ಬರುತ್ತಾರೆ. ಅಲ್ಲಿನ ಜನರನ್ನು ಮಗ ಕೀಳಾಗಿ ಕಾಣುವುದನ್ನು ನೋಡಿ ನೊಂದುಕೊಳ್ಳುತ್ತಾರೆ. ಊರಿಗೆ ಹಿಂದಿರುಗುವ ದಾರಿಯಲ್ಲಿ, ನಡುಗಡಲಲ್ಲೇ ಕಣ್ಣು ಮುಚ್ಚುತ್ತಾರೆ. ಪೆಗ್ಗಿ ಇಲ್ಲಿ ಅಬ್ಬರಿಸಿ ಅಳುವುದಿಲ್ಲ. ದಣಿದ ಕಣ್ಣು, ಅರ್ಧಕ್ಕೆ ನಿಂತ ಮಾತು, ಅಷ್ಟರಲ್ಲೇ ಎಲ್ಲವನ್ನೂ ತಿಳಿಸುತ್ತಾರೆ.

ನಮ್ಮ ಮನೆಗಳಿಗೂ ಹೀಗೆಯೇ ಸಮುದ್ರ ದಾಟಿ ತಾಯಂದಿರು ಬರುತ್ತಾರೆ. ಮಕ್ಕಳ ಬದುಕನ್ನು ಸುಮ್ಮನೆ ಕುಳಿತು ನೋಡುತ್ತಾರೆ. ಕಂಡದ್ದನ್ನೆಲ್ಲ ಬಾಯಿಬಿಟ್ಟು ಹೇಳುವುದಿಲ್ಲ. ಈ ಸಲ ಅಮ್ಮ ಬಂದಾಗ ಈ ಚಿತ್ರವನ್ನು ಅವರ ಪಕ್ಕದಲ್ಲಿ ಕುಳಿತು ನೋಡೋಣ. ಬಂಡೆಗಳ ಗುರುತು ಹೇಳುವ ಕೆಲಸ ಅವರಿಗಿರಲಿ.