ಅಲ್ಪಶಕ್ತಿಯ ರೇಡಿಯೋ ಪ್ರೇಷಣವೂ ಅಯಾನುಮಂಡಲದ ದಿನಚರಿಯೂ

ಒಂದು ಕೈದೀಪವನ್ನು ಬೆಳಗಿಸಲು ಸಾಲುವಷ್ಟು ವಿದ್ಯುಚ್ಛಕ್ತಿಯಿಂದ ಸಾವಿರಾರು ಕಿಲೋಮೀಟರು ದೂರಕ್ಕೆ ಸಂಕೇತವನ್ನು ಕಳುಹಿಸಬಹುದೆಂದರೆ, ಕೇಳಿದವರಿಗೆ ಅತಿಶಯೋಕ್ತಿಯೆಂದು ತೋರಬಹುದು. ಹವ್ಯಾಸಿ ರೇಡಿಯೋ ಪ್ರಯೋಗಕಾರರಿಗಾದರೋ ಇದು ನಿತ್ಯಾನುಭವ. ಸಾಮಾನ್ಯವಾಗಿ ೫ ವಾಟ್ ಅಥವಾ ಅದಕ್ಕೂ ಕಡಿಮೆ ಶಕ್ತಿಯಿಂದ ನಡೆಸುವ ಪ್ರೇಷಣವನ್ನು ಅವರು ಅಲ್ಪಶಕ್ತಿಯ ಪ್ರೇಷಣವೆಂದು ಕರೆಯುತ್ತಾರೆ. ಇಂತಹ ಪ್ರೇಷಣದಲ್ಲಿ ಇಂದು ಸ್ಪಷ್ಟವಾಗಿ ಕೇಳಿಸಿದ ನಿಲಯವು ನಾಳೆ ಕೇಳಿಸದೆ ಹೋಗುವುದೂ ಉಂಟು. ಈ ಚಂಚಲತೆಯನ್ನು ದೋಷವೆಂದು ತಳ್ಳಿಹಾಕದೆ, ಅದನ್ನೇ ಅಳತೆಯ ವಿಷಯವನ್ನಾಗಿ ಮಾಡಿಕೊಳ್ಳಬಹುದೆಂದು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

೧೯೦೧ರ ಡಿಸೆಂಬರ್ ೧೨ರಂದು, ಇಂಗ್ಲೆಂಡಿನ ಪೋಲ್ಡುವಿನಿಂದ ಹೊರಟ ಸಂಕೇತವನ್ನು ತಾನು ನ್ಯೂಫೌಂಡ್‌ಲೆಂಡಿನಲ್ಲಿ ಕೇಳಿದುದಾಗಿ ಮಾರ್ಕೋನಿಯು ಸಾರಿದನು. ನೇರವಾಗಿ ಸಾಗಬೇಕಾದ ತರಂಗವು ಭೂಮಿಯ ಉಬ್ಬನ್ನು ಬಳಸಿ ಬಂದುದು ಹೇಗೆ? ಮೇಲ್ಗಡೆಯ ವಾಯುವಿನಲ್ಲಿ ವಿದ್ಯುದ್ವಾಹಕವಾದ ಪದರವೊಂದಿರಬೇಕೆಂದು ಮರುವರ್ಷವೇ ಕೆನೆಲಿ ಮತ್ತು ಹೆವಿಸೈಡ್ ಪ್ರತ್ಯೇಕವಾಗಿ ಸೂಚಿಸಿದರು. ಆದರೂ ದೂರಪ್ರೇಷಣಕ್ಕೆ ದೀರ್ಘತರಂಗಗಳೂ ಮಹಾಶಕ್ತಿಯೂ ಅನಿವಾರ್ಯವೆಂಬ ನಂಬಿಕೆ ಅಳಿಯಲಿಲ್ಲ. ಅಮೆರಿಕದ ೧೯೧೨ರ ಕಾನೂನು ಹವ್ಯಾಸಿಗಳನ್ನು ೨೦೦ ಮೀಟರಿಗೆ ಮೀರದ ತರಂಗಾಂತರಗಳಿಗೆ ಸೀಮಿತಗೊಳಿಸಿತು. ದೂರದ ಕೆಲಸಕ್ಕೆ ಅವು ನಿಷ್ಪ್ರಯೋಜಕವೆಂದೇ ಆಗ ಎಣಿಸಲಾಗಿದ್ದಿತು. ೧೯೨೩ರ ನವೆಂಬರಿನಲ್ಲಿ ಫ್ರಾನ್ಸಿನ ಮತ್ತು ಅಮೆರಿಕದ ಹವ್ಯಾಸಿಗಳು ಸುಮಾರು ೧೧೦ ಮೀಟರಿನ ತರಂಗದಲ್ಲಿ ಅಟ್ಲಾಂಟಿಕ್ಕಿನಾಚೆ ಈಚೆಗಳಿಂದ ಪರಸ್ಪರ ಮಾತನಾಡಿದರು. ೧೯೨೪ರ ಅಕ್ಟೋಬರ್ ೧೮ರಂದು ನ್ಯೂಜಿಲೆಂಡಿನ ಫ್ರಾಂಕ್ ಬೆಲ್, ಲಂಡನ್ನಿನ ಶಾಲೆಯೊಂದರ ವಿದ್ಯಾರ್ಥಿ ಸೆಸಿಲ್ ಗಾಯ್ಡರನೊಡನೆ ಸಂಪರ್ಕ ಸಾಧಿಸಿದನು. ಅದೇ ವರ್ಷದ ಕೊನೆಗೆ ಆಪಲ್‌ಟನ್ ಮತ್ತು ಬಾರ್ನೆಟ್ ಆ ಪದರದ ಇರವನ್ನೂ ಸುಮಾರು ೧೦೦ ಕಿಲೋಮೀಟರಿನ ಅದರ ಎತ್ತರವನ್ನೂ ಪ್ರಯೋಗದಿಂದ ಸ್ಥಾಪಿಸಿದರು. ಪಂಡಿತರು ತೊರೆದ ತರಂಗಗಳು ವಿದ್ಯಾರ್ಥಿಗಳ ಕೈಯಲ್ಲಿ ಲೋಕವನ್ನು ಸುತ್ತಿದುವು.

ಕಾರಣ ಹೀಗಿದೆ. ಸೂರ್ಯನ ಅತಿನೇರಳೆ ಕಿರಣಗಳೂ ಕ್ಷಕಿರಣಗಳೂ ಮೇಲ್ವಾಯುವಿನ ಕಣಗಳಿಂದ ಇಲೆಕ್ಟ್ರಾನುಗಳನ್ನು ಬೇರ್ಪಡಿಸುತ್ತವೆ. ಇವು ರೇಡಿಯೋ ತರಂಗದ ವಿದ್ಯುತ್ ಕ್ಷೇತ್ರಕ್ಕೆ ಸಿಕ್ಕಿ ಆಂದೋಳಿಸುವುದರಿಂದ ಅಲ್ಲಿಯ ವಕ್ರೀಭವನಾಂಕವು ಒಂದಕ್ಕಿಂತ ಕಡಿಮೆಯಾಗಿ, ತರಂಗವು ಬಾಗುತ್ತ ಭೂಮಿಗೆ ಹಿಂದಿರುಗುತ್ತದೆ. ಘನ ಮೀಟರಿನಲ್ಲಿರುವ ಇಲೆಕ್ಟ್ರಾನುಗಳ ಸಂಖ್ಯೆಯ ವರ್ಗಮೂಲವನ್ನು ೯ರಿಂದ ಗುಣಿಸಿದರೆ, ಲಂಬವಾಗಿ ಮೇಲಕ್ಕೇರಿ ಮರಳಬಲ್ಲ ಗರಿಷ್ಠ ಆವೃತ್ತಿಯು ಹರ್ಟ್ಸ್‌ಗಳಲ್ಲಿ ದೊರೆಯುತ್ತದೆ. ಆ ಸಂಖ್ಯೆ ಒಂದು ಲಕ್ಷ ಕೋಟಿಯಾದರೆ ಆವೃತ್ತಿ ೯ ಮೆಗಾಹರ್ಟ್ಸ್. ಓರೆಯಾಗಿ ಹೊರಟ ತರಂಗವಾದರೆ ಇದರ ಮೂರು ಪಟ್ಟಿನವರೆಗೂ ಮರಳಬಲ್ಲುದು. ಸುಮಾರು ೨೫೦ರಿಂದ ೪೦೦ ಕಿಲೋಮೀಟರು ಎತ್ತರದ ‘ಎಫ್-೨’ ಪದರದಿಂದ ಒಂದೇ ನೆಗೆತಕ್ಕೆ ೪೦೦೦ ಕಿಲೋಮೀಟರಿನಷ್ಟು ದೂರವು ಸಾಧ್ಯವಾಗುತ್ತದೆ. ಇದಕ್ಕಿಂತ ಬಹಳ ಕೆಳಗಿರುವ ‘ಡಿ’ ಪದರವಾದರೋ ಹಗಲಿನಲ್ಲಿ ತರಂಗವನ್ನು ಹೀರುತ್ತದೆ; ಆವೃತ್ತಿ ಕಡಿಮೆಯಾದಷ್ಟೂ ಹೀರಿಕೆ ಹೆಚ್ಚು. ಆದುದರಿಂದಲೇ ೭ ಮೆಗಾಹರ್ಟ್ಸ್ ತರಂಗವು ರಾತ್ರಿಯಲ್ಲಿ ದೂರ ಸಾಗುತ್ತದೆ, ೧೪ ಮೆಗಾಹರ್ಟ್ಸ್ ಹಗಲಿಗೆ ಒದಗುತ್ತದೆ. ೨೮ ಮೆಗಾಹರ್ಟ್ಸ್‌ನ ದೂರಸಂಪರ್ಕವು ಮುಖ್ಯವಾಗಿ, ಸುಮಾರು ೧೧ ವರ್ಷಗಳ ಸೌರಚಕ್ರದಲ್ಲಿ ಸೂರ್ಯಕಲೆಗಳು ಹೆಚ್ಚಿದ ವರ್ಷಗಳಲ್ಲಿ ಲಭಿಸುತ್ತದೆ.

ಈಗ ಶಕ್ತಿಯ ಲೆಕ್ಕವನ್ನು ನೋಡೋಣ. ೧೦೦ ವಾಟ್ ಪ್ರೇಷಕವನ್ನು ೫ ವಾಟಿಗೆ ಇಳಿಸಿದರೆ ನಷ್ಟವಾಗುವುದು ೧೩ ಡೆಸಿಬೆಲ್. ಗ್ರಾಹಕದ ಮಾಪಕದಲ್ಲಿ ಪ್ರತಿಯೊಂದು ಗುರುತೂ ೬ ಡೆಸಿಬೆಲ್‌ಗೆ ಸಮನಾದುದರಿಂದ, ಮುಳ್ಳು ಎರಡು ಗುರುತುಗಳಷ್ಟು ಮಾತ್ರ ಕೆಳಗಿಳಿಯುತ್ತದೆ. ‘ಡಿ’ ಪದರವೊಂದೇ ನಡುಹಗಲಿನಲ್ಲಿ ತಗ್ಗಿನ ಆವೃತ್ತಿಗಳಿಂದ ಹತ್ತಾರು ಡೆಸಿಬೆಲ್‌ಗಳನ್ನು ಕಸಿಯಬಲ್ಲುದು. ಎಂದರೆ, ದೂರವನ್ನು ನಿರ್ಧರಿಸುವುದರಲ್ಲಿ ಪ್ರೇಷಕಕ್ಕಿಂತಲೂ ಆಕಾಶದ ಪಾತ್ರ ಹಿರಿದು. ಮಹಾಶಕ್ತಿಯ ಪ್ರೇಷಕವು ತನ್ನ ಬಲದಿಂದ ಆಕಾಶದ ಏರಿಳಿತಗಳನ್ನು ಮುಚ್ಚಿಬಿಡುತ್ತದೆ. ಅಲ್ಪಶಕ್ತಿಯದು ಕೇಳಿಸುವ ಕೇಳಿಸದಿರುವ ಅಂಚಿನಲ್ಲಿಯೇ ನಿಂತಿರುವುದರಿಂದ ಅವನ್ನು ಬಯಲು ಮಾಡುತ್ತದೆ.

ಕರ್ನಾಟಕದವರಿಗೆ ಈ ಅಭ್ಯಾಸದಲ್ಲಿ ವಿಶೇಷವಾದ ಆಸಕ್ತಿಗೆ ಕಾರಣವುಂಟು. ಭೂಕಾಂತ ವಿಷುವದ್ವೃತ್ತವು ಭಾರತದ ದಕ್ಷಿಣ ತುದಿಯ ಬಳಿ ಹಾದುಹೋಗುತ್ತದೆ. ೧೯೬೩ರಲ್ಲಿ ರಾಕೆಟ್ಟುಗಳ ಉಡಾವಣೆಗೆ ತುಂಬಾ ಗ್ರಾಮವನ್ನು ಆರಿಸಿದುದೂ ಈ ಕಾರಣದಿಂದಲೇ. ಈ ವೃತ್ತದ ಮೇಲೆ ಹಗಲಿನಲ್ಲಿ ಇಲೆಕ್ಟ್ರಾನುಗಳು ಕಾರಂಜಿಯಂತೆ ಮೇಲೇರಿ, ಕಾಂತರೇಖೆಗಳ ಗುಂಟ ಉತ್ತರಕ್ಕೂ ದಕ್ಷಿಣಕ್ಕೂ ಇಳಿಯುತ್ತವೆ. ಇದರಿಂದ ವೃತ್ತದ ಮೇಲೆ ತಗ್ಗೂ, ಎರಡು ಪಕ್ಕಗಳಲ್ಲಿ ಏರುಗಳೂ ಉಂಟಾಗುವುವು. ಆಪಲ್‌ಟನ್ ೧೯೪೬ರಲ್ಲಿ ವರ್ಣಿಸಿದ ವೈಪರೀತ್ಯವು ಇದೇ. ನಮ್ಮ ನಾಡು ಆ ತಗ್ಗಿಗೂ ಉತ್ತರದ ಏರಿಗೂ ನಡುವೆ ಇದೆ. ಸೂರ್ಯಾಸ್ತಾನಂತರ ಅನೇಕ ದಿನಗಳಲ್ಲಿ ಇಲ್ಲಿಯ ‘ಎಫ್’ ಪದರವು ಮೇಲೇರಿ ಛಿದ್ರಗೊಳ್ಳುವುದರಿಂದ ಸಂಕೇತಗಳು ಕಂಪಿಸುತ್ತವೆ. ಸಮಶೀತೋಷ್ಣ ದೇಶಗಳ ಕೈಪಿಡಿಗಳನ್ನು ಹಾಗೆಯೇ ಇಲ್ಲಿಗೆ ಅನ್ವಯಿಸಲಾಗದು.

ಪ್ರಯೋಗಕ್ರಮವು ಸರಳ. ೨೦೦೮ರಲ್ಲಿ ನೊಬೆಲ್ ಪುರಸ್ಕೃತ ಖಗೋಳಜ್ಞ ಜೋಸೆಫ್ ಟೇಲರ್ ಪ್ರಕಟಿಸಿದ ‘ವಿಸ್ಪರ್’ ಎಂಬ ವಿಧಾನದಲ್ಲಿ ನಿಲಯದ ಹೆಸರು, ಸ್ಥಳ, ಶಕ್ತಿ ಇಷ್ಟನ್ನೇ ಸುಮಾರು ಎರಡು ನಿಮಿಷಗಳ ಕಾಲ, ೬ ಹರ್ಟ್ಸ್‌ನಷ್ಟು ಕಿರಿದಾದ ಪಟ್ಟಿಯಲ್ಲಿ ಕಳುಹಿಸುತ್ತಾರೆ. ಕಿವಿಗೆ ಕೇಳಿಸದಷ್ಟು ಕ್ಷೀಣವಾದ ಸಂಕೇತವನ್ನೂ ಗಣಕಯಂತ್ರವು ಗುರುತಿಸಿ ದಾಖಲೆ ಮಾಡುತ್ತದೆ. ಪ್ರೇಷಣಕ್ಕೆ ಸರಕಾರದ ಪರವಾನಗಿ ಬೇಕು. ಆಂಟೆನಾ, ಶಕ್ತಿ, ಆವೃತ್ತಿ, ವೇಳೆ ಇವು ದಿನದಿನವೂ ಬದಲಾಗದಂತಿರಬೇಕು. ಬದಲಾಗುವುದು ಆಕಾಶವೊಂದೇ ಆಗಿರಬೇಕು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ಸಾರ್ವಜನಿಕ ದಾಖಲೆಗಳಲ್ಲಿ ಸೇರುವುದು ಕೇಳಿಸಿದ ಸಂಕೇತಗಳು ಮಾತ್ರ. ಕೇಳಿಸದ ದಿನ ಮಾರ್ಗವು ಮುಚ್ಚಿತ್ತೋ, ಆಚೆಯ ನಿಲಯವೇ ನಿಂತಿತ್ತೋ, ನೆರೆಮನೆಯ ವಿದ್ಯುದ್ದೀಪದ ಗದ್ದಲವು ಅಡ್ಡಬಂದಿತೋ ಎಂಬುದನ್ನು ಬೇರ್ಪಡಿಸದೆ ತೀರ್ಮಾನಕ್ಕೆ ಬರಕೂಡದು. ಆದುದರಿಂದ ‘ಕೇಳಿಸಲಿಲ್ಲ’ ಎಂಬ ನಮೂದನ್ನೂ, ಆ ಹೊತ್ತಿನ ಗದ್ದಲದ ಮಟ್ಟವನ್ನೂ ವಿದ್ಯಾರ್ಥಿಯು ಅಷ್ಟೇ ಶ್ರದ್ಧೆಯಿಂದ ಬರೆಯಬೇಕು.

೨೦೧೭ರ ಆಗಸ್ಟ್ ೨೧ರ ಸೂರ್ಯಗ್ರಹಣದಲ್ಲಿ ಅಮೆರಿಕದ ಹವ್ಯಾಸಿಗಳ ಸಂಪರ್ಕಗಳಿಂದ ಅಯಾನುಮಂಡಲದ ಮಾರ್ಪಾಡನ್ನು ಅಭ್ಯಸಿಸಲಾಯಿತು. ೨೦೩೧ರ ಮೇ ೨೧ರಂದು ಕಂಕಣಗ್ರಹಣದ ಪಥವು ಕೇರಳ ಮತ್ತು ತಮಿಳುನಾಡುಗಳ ಮೇಲೆ ಹಾದುಹೋಗಲಿದೆ. ಭೂಕಾಂತ ವಿಷುವದ್ವೃತ್ತದ ಸಮೀಪದಲ್ಲಿ ಇಂತಹ ಅವಕಾಶವು ವಿರಳ. ಆದರೆ ಆ ಒಂದು ದಿನದ ಅಳತೆಗೆ ಅರ್ಥ ಬರಬೇಕಾದರೆ, ಅದಕ್ಕೆ ಹಿಂದಿನ ನೂರಾರು ಸಾಧಾರಣ ದಿನಗಳ ದಾಖಲೆ ಕೈಯಲ್ಲಿರಬೇಕು. ಆ ದಾಖಲೆಯನ್ನು ಯಾವ ಕಾಲೇಜಿನ ಪ್ರಯೋಗಶಾಲೆಯಾದರೂ ಇಂದೇ ಆರಂಭಿಸಬಹುದು.